ಕೌದಿ ಹೊದ್ದ ಸರ್ವರ್

ವಯಸ್ಸಾದಂತೆ ಹಲ್ಲು ಉದುರುತ್ತವೆ, ಕಣ್ಣಿಗೆ ಪೊರೆ ಬರುತ್ತದೆ, ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಎಲ್ಲವೂ ಸವೆಯುವ ಈ ದೇಹದಲ್ಲಿ ಹೆದರಿಕೆಯೊಂದೇ ದಿನದಿಂದ ದಿನಕ್ಕೆ ಹರೆಯಕ್ಕೆ ಬರುತ್ತದೆ ಎಂಬುದು ನನ್ನ ಅನುಭವ. ಚಿಕ್ಕವಳಿದ್ದಾಗ ಶಹಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಿಟಾ ಅವರ ಮರದ ಸ್ಕೇಲಿಗೆ ಹೆದರುತ್ತಿದ್ದೆ. ಮದುವೆಯಾದ ಮೇಲೆ ಅತ್ತೆಯವರ ಕೆಮ್ಮಿಗೆ ಹೆದರಿದೆ. ಬೈಯುವ ಮೊದಲು ಅವರು ಒಂದು ಸಣ್ಣ ಕೆಮ್ಮು ಕೆಮ್ಮುತ್ತಿದ್ದರು, ಥೇಟ್ ಸಿಗ್ನಲ್ ಬಿದ್ದ ಹಾಗೆ. ಆಮೇಲೆ ಮನೆಗೆ ಪ್ರೆಶರ್ ಕುಕ್ಕರ್ ಬಂತು. ನಮ್ಮವರು ಅದನ್ನು ಹೈದರಾಬಾದಿನಿಂದ ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ತಂದಷ್ಟು ಜೋಪಾನವಾಗಿ ತಂದಿದ್ದರು. ಅದು ಸೀಟಿ ಹೊಡೆಯುವ ಹೊತ್ತಿಗೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಆದರೆ ನಮ್ಮ ವಾಡಿಯಂಥ ರೈಲ್ವೆ ಜಂಕ್ಷನ್ನಿನಲ್ಲಿ ಸೀಟಿಗೇನು ಬರ? ಯಾವುದು ಕುಕ್ಕರಿನದು, ಯಾವುದು ಗೂಡ್ಸ್ ಗಾಡಿಯದು ಎಂದು ತಿಳಿಯದೆ ಒಂದು ಸಂಜೆಯಿಡೀ ಹಿತ್ತಲಲ್ಲೇ ನಿಂತು, ತೊಗರಿಬೇಳೆ ಇದ್ದಿಲಾದ ಮೇಲೆ ಒಳಗೆ ಬಂದವಳು ನಾನು. ನಮ್ಮವರು ರೈಲ್ವೆಯವರು, ಕರಿ ಬೇಳೆಯನ್ನು ಒಂದು ಗಳಿಗೆ ನೋಡಿ, "ಗಾಡಿ ಲೇಟ್ ಆಗ್ಯದ ಅಂತ ಅನೌನ್ಸ್ ಆದರೂ ಮಾಡಬೇಕಿತ್ತಲ್ಲ ನೀ" ಎಂದಿದ್ದರು. ಈಗ ಅವರಿಲ್ಲ. ಕುಕ್ಕರ್ ಇದೆ. ಅದಕ್ಕೆ ನಾನೀಗ ಹೆದರುವುದಿಲ್ಲ. ಹೆದರಲು ಅದಕ್ಕಿಂತ ದೊಡ್ಡದೊಂದು ಮನೆಗೆ ಬಂದಿದೆ.

ತಂದವಳು ನನ್ನ ಸೊಸೆ ಸುಜಾತಾ. ಸೇಡಂನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ದಿನಾ ಮುಂಜಾನೆ ರೈಲು ಹತ್ತಿ, ಚಿತ್ತಾಪುರ ದಾಟಿ ಹೋಗಿ, ಸಂಜೆ ಮರಳುತ್ತಾಳೆ. ಅವಳು ಅತಿಥಿ ಉಪನ್ಯಾಸಕಿ. ಎಷ್ಟು ಸುಂದರವಾದ ಹೆಸರು! ಅತಿಥಿಯೆಂದರೆ ಕರೆದು, ಕೂರಿಸಿ, ಚಹಾ ಕೊಡುವುದಲ್ಲವೇ? ಇಲ್ಲಿ ಹಾಗಲ್ಲ. ಪ್ರತಿ ಬೇಸಿಗೆಯಲ್ಲೂ ಬರುವ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಅತಿಥಿಯೇ ಬಾಗಿಲು ನೋಡುತ್ತ ಕೂರಬೇಕು. ಮಗ ಗೂಡ್ಸ್ ರೈಲಿನ ಗಾರ್ಡ್. ಈಗ ಅವರಿಗೆ ಟ್ರೈನ್ ಮ್ಯಾನೇಜರ್ ಎನ್ನುತ್ತಾರಂತೆ. ಹೆಸರು ಬದಲಾದ ಮೇಲೂ ಅವನು ಮನೆಯಲ್ಲಿ ಇರುವುದು ಮೊದಲಿನಷ್ಟೇ. ಹಾಗಾಗಿ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಅದು.

ಅದು ಎಂದರೆ ಏನು ಎಂದು ನಾನೂ ಕೇಳಿದ್ದೆ. ನಡುಮನೆಯ ಗೂಡಿನಲ್ಲಿ, ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಕಂಪ್ಯೂಟರಿನ ಕರಿ ಪೆಟ್ಟಿಗೆ ಮೊದಲಿನಿಂದಲೂ ಇತ್ತು. ಈ ವರ್ಷ ಸುಜಾತಾ ಅದರೊಳಗೆ ಇನ್ನೇನನ್ನೋ ಕೂರಿಸಿದಳು. ಅದರ ಹೆಸರು ಎಐ ಟೂಲ್ ಸರ್ವರ್, ಅದು ಕಂಟೈನರ್‌ನಲ್ಲಿ ಓಡುತ್ತದೆ ಎಂದಳು.

"ಕಂಟೈನರ್ ಅಂದರೆ? ಗೂಡ್ಸ್ ಗಾಡಿ ಮ್ಯಾಲೆ ಹೋಗತಾವಲ್ಲ, ಅಂಥಾದ್ದಾ?" ಎಂದೆ.

"ಅಷ್ಟು ದೂರ ಯಾಕ್ರೀ ಅತ್ತೀ. ಊಟದ ಡಬ್ಬಿ ಅನ್ಕೋರಿ. ಮೇಲಿನ ಡಬ್ಬ್ಯಾಗಿನ ಸಾರು ಕೆಳಗಿನ ಡಬ್ಬ್ಯಾಗಿನ ಹೋಳಿಗಿಗೆ ಹತ್ತಂಗಿಲ್ಲಲ್ಲ, ಹಂಗ. ಒಳಗ ಇರೋದು ಒಳಗೇ ಇರ್ತದ. ಹೊರಗಿಂದು ಯಾವುದು ಮುಟ್ಟಬೇಕಂತ ನಾ ಹೇಳೀನೋ ಅಷ್ಟೇ ಮುಟ್ತದ."

"ಮತ್ತ ಟೂಲ್?"

"ಎಐ ಬರೇ ಮಾತಾಡ್ತದರಿ, ಅದಕ್ಕ ಕೈ ಇಲ್ಲ. ಈ ಟೂಲ್ ಅಂದ್ರ ಕೈ ಇದ್ದಂಗ. ನಮ್ಮ ಕಾಲೇಜ್ ಹುಡುಗ್ರು ರಾವೂರದಾಗ, ಭಂಕೂರದಾಗ ಕುಂತು ಏನರ ಕೇಳಿದ್ರ, ಈ ಕೈಲೆ ನನ್ನ ನೋಟ್ಸ್ ತಗದು ನೋಡಿ, ಹುಡುಕಿ ಉತ್ತರ ಕೊಡ್ತದ."

ಬರೀ ಬಾಯಿ ಇರುವವರನ್ನೇ ಈ ಜನ್ಮದಲ್ಲಿ ಸಂಭಾಳಿಸಲು ನನಗೆ ಸಾಕಾಗಿ ಹೋಗಿದೆ. ಕೈ ಇಲ್ಲದ್ದಕ್ಕೆ ನನ್ನ ಸೊಸೆ ಕೂತು ಕೈ ಜೋಡಿಸುತ್ತಿದ್ದಾಳೆ, ಅದೂ ನನ್ನ ನಡುಮನೆಯಲ್ಲಿ! ನಮ್ಮ ಕಾನ್ವೆಂಟ್ ಗೆಳತಿಯರದೊಂದು ವಾಟ್ಸಾಪ್ ಗ್ರೂಪ್ ಇದೆ. ಎಲ್ಲರಿಗೂ ಬಿಪಿ ಇದೆ, ಆದರೂ ಒಬ್ಬರನ್ನೊಬ್ಬರು ಹೆದರಿಸುವುದನ್ನು ಬಿಟ್ಟಿಲ್ಲ. ಎಐ ಧ್ವನಿ ಕದಿಯುತ್ತದೆ, ಎಐ ಮುಖ ಕದಿಯುತ್ತದೆ, ಮುಂದೊಂದು ದಿನ ಮನುಷ್ಯರನ್ನೇ ಆಳುತ್ತದೆ ಎಂದು ದಿನಾ ಒಂದು ಫಾರ್ವರ್ಡ್, ಕೆಳಗೆ ‘ಗುಡ್ ಮಾರ್ನಿಂಗ್’ ಮತ್ತು ಗುಲಾಬಿ ಹೂ. ಡಬ್ಬಿಯ ಮುಚ್ಚಳ ಸಡಿಲಾದರೆ ಗತಿ ಏನು ಎಂಬುದೇ ನನ್ನ ಚಿಂತೆಯಾಯಿತು.

ಡಬ್ಬಿಯಲ್ಲಿ ದೊಡ್ಡದನ್ನು ಇಡುವುದು ನಮಗೇನೂ ಹೊಸದಲ್ಲ. ನನ್ನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದೆ, ಅದರೊಳಗೆ ಇಷ್ಟಲಿಂಗ. ಕಾನ್ವೆಂಟಿಗೆ ಹೋಗುವಾಗಲೂ ಯೂನಿಫಾರ್ಮಿನ ಒಳಗೆ ಇರುತ್ತಿತ್ತು. ಒಮ್ಮೆ ಡ್ರಿಲ್ ಮಾಡುವಾಗ ಅದು ಹೊರಗೆ ಜಿಗಿಯಿತು. ಸಿಸ್ಟರ್ ಬೆನಿಟಾ ಕರೆದು, "ವಾಟ್ ಈಸ್ ದಿಸ್, ಚೈಲ್ಡ್?" ಎಂದರು. ನಡುಗುತ್ತಲೇ, "ಬಾಕ್ಸ್, ಸಿಸ್ಟರ್. ಗಾಡ್ ಈಸ್ ಇನ್‌ಸೈಡ್" ಎಂದೆ. ಸ್ಕೇಲು ಬೀಳುತ್ತದೆ ಎಂದು ಕಣ್ಣು ಮುಚ್ಚಿದರೆ, ಅವರು ಅದನ್ನು ತಾವೇ ಒಳಗೆ ಸೇರಿಸಿ, ಕಾಲರ್ ಸರಿಪಡಿಸಿ, "ದೆನ್ ರನ್ ಕೇರ್‌ಫುಲಿ" ಎಂದು ಕಳಿಸಿದರು. ಆ ಕಾಲದ ಮನುಷ್ಯರೇ ಬೇರೆ. ಇದನ್ನು ಸುಜಾತಾಗೆ ಹೇಳಿದರೆ ಅವಳು ನಕ್ಕು, "ಅದು ಪೂಜಿ ಮಾಡಿಸ್ಕೋತದರಿ ಅತ್ತೀ, ಇದು ಕೆಲಸ ಮಾಡ್ತದ, ಅಷ್ಟೇ ಫರಕ್" ಎಂದಳು. ಆದರೆ ಪೂಜೆಯೂ ನಡೆಯುತ್ತಿತ್ತು, ನಾನೇ ಕಂಡಿದ್ದೇನೆ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ಕಲ್ಲಿನ ಮನೆಗಳು ಒಲೆಯ ಮೇಲಿಟ್ಟ ಹಾಗೆ ಕಾಯುತ್ತವೆ. ಇಷ್ಟು ವರ್ಷ ನನ್ನ ಮಂಚದ ಕಡೆ ಮುಖ ಮಾಡಿದ್ದ ಟೇಬಲ್ ಫ್ಯಾನು ಈ ಬೇಸಿಗೆಯಲ್ಲಿ ಆ ಪೆಟ್ಟಿಗೆಯ ಕಡೆ ತಿರುಗಿತು. "ಅದಕ್ಕ ಸೆಕಿ ಆಗ್ತದರಿ" ಎಂದಳು. ನನಗೆ ಆಗುವುದಿಲ್ಲವೇ ಎಂದು ಕೇಳಲಿಲ್ಲ. ಡಿಗ್ನಿಟಿ ಎನ್ನುವುದೊಂದಿದೆ.

ಒಂದು ದಿನ ನಾನೊಬ್ಬಳೇ ಇದ್ದೆ. ಪರದೆಯ ಮೇಲೆ ತಾನಾಗಿಯೇ ಒಂದು ಚೌಕ ಮೂಡಿತು. ಒಂದು ಫೈಲ್ ತೆರೆಯಬೇಕಾಗಿದೆ, ತೆರೆಯಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕೆಳಗೆ ಮೂರು ಗುಂಡಿಗಳು: ಅಲೋ ಒನ್ಸ್, ಆಲ್ವೇಸ್ ಅಲೋ, ಡಿನೈ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಂದರೆ ನನ್ನನ್ನೇ ಕೇಳುತ್ತಿದೆ! ‘ಆಲ್ವೇಸ್’ ಎಂದರೆ ಎಲ್ಲಿ ಮನೆಯ ಬೀಗದ ಕೈಯನ್ನೇ ಕೊಟ್ಟಂತಾಗುತ್ತದೋ. ‘ಡಿನೈ’ ಎಂದರೆ ಎಲ್ಲಿ ಸಿಟ್ಟಾಗುತ್ತದೋ. ಕೊನೆಗೆ ಕುರ್ಚಿಯಿಂದ ಎರಡು ಮಾರು ದೂರ ನಿಂತು, ಸೆರಗು ಸರಿಮಾಡಿಕೊಂಡು, "ಮೇಡಂ ಈಸ್ ನಾಟ್ ಅಟ್ ಹೋಮ್. ಪ್ಲೀಸ್ ವೇಟ್" ಎಂದು ಗಟ್ಟಿಯಾಗಿ ಹೇಳಿ ಅಡಿಗೆಮನೆ ಸೇರಿದೆ.

ಸಂಜೆ ಸುಜಾತಾ ಬಂದು ನೋಡಿದರೆ ಆ ಚೌಕ ಹಾಗೇ ನಿಂತಿತ್ತು. "ಅಯ್ಯ, ಮಧ್ಯಾಹ್ನದಿಂದ ಕೇಳಿಕೋತ ನಿಂತದ ನೋಡ್ರಿ ಪಾಪ" ಎಂದಳು. ಆ ‘ಪಾಪ’ ನನಗೂ ತಟ್ಟಿತು. ಕಾನ್ವೆಂಟಿನಲ್ಲಿ ತಡವಾಗಿ ಬಂದರೆ ನಾವೂ ಹಾಗೇ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಮೇ ಐ ಕಮ್ ಇನ್, ಸಿಸ್ಟರ್? ಮೇ ಐ ಡ್ರಿಂಕ್ ವಾಟರ್, ಸಿಸ್ಟರ್? ಪರ್ಮಿಷನ್ ಇಲ್ಲದೆ ಸೀನುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದೆವು. ಆದರೂ ಅದರ ಮೇಲಿನ ಹೆದರಿಕೆ ಹೋಗಲಿಲ್ಲ. ತುಂಬ ವಿನಯವಾಗಿ ಕೇಳುವವರನ್ನು ಕಂಡರೆ ನನಗೆ ಇನ್ನೂ ಹೆದರಿಕೆ.

ಇಷ್ಟೆಲ್ಲ ಹೇಳಿದ್ದು ಆ ಗುರುವಾರದ ಸಲುವಾಗಿ. ಅಂದು ಮಧ್ಯಾಹ್ನ ಮೂರಕ್ಕೆ ಸೇಡಂನಲ್ಲಿ ಕಾಲೇಜಿನ ಕಮಿಟಿಯವರ ಮುಂದೆ ಸುಜಾತಾ ತನ್ನ ಕೆಲಸ ತೋರಿಸಬೇಕಿತ್ತು. ಅಲ್ಲಿ ಕೂತು ಕೇಳಿದರೆ ಇಲ್ಲಿ ನಮ್ಮ ಗೂಡಿನ ಪೆಟ್ಟಿಗೆ ಉತ್ತರ ಕೊಡಬೇಕು. ಅವರು ಒಪ್ಪಿದರೆ ಹೊಸ ಲ್ಯಾಬ್ ಅವಳ ಕೈಗೆ ಬರುತ್ತದೆ, ಬಾಗಿಲು ನೋಡುತ್ತ ಕೂರುವ ಬೇಸಿಗೆಗಳು ಮುಗಿಯುತ್ತವೆ. ಒಪ್ಪದಿದ್ದರೆ ಆ ಕೋರ್ಸೇ ಬಂದ್, ಅದರ ಜೊತೆಗೆ ಅತಿಥಿಯೂ. ಮುಂಜಾನೆ ಹೊರಡುವಾಗ ಅವಳು ಬ್ಯಾಗನ್ನು ಮೂರು ಸಲ ತೆಗೆದು ಮುಚ್ಚಿದಳು. ಚಪ್ಪಲಿ ಮೆಟ್ಟುತ್ತ, "ಅತ್ತೀ, ಇವತ್ತು ಅದು ಚಾಲೂ ಇರಬೇಕರಿ. ಕರೆಂಟ್ ಹೋದ್ರ ಇನ್ವರ್ಟರ್ ಅದ, ಫಿಕರ್ ಮಾಡಬ್ಯಾಡ್ರಿ. ನೀವು ಏನೂ ಮಾಡೋದು ಬ್ಯಾಡ. ಏನಂದ್ರ ಏನೂ ಬ್ಯಾಡ" ಎಂದಳು.

ಏನೂ ಮಾಡದೆ ಇರುವುದು ಎಷ್ಟು ಕಷ್ಟದ ಕೆಲಸ ಎಂಬುದು ಈ ಕಾಲದ ಹುಡುಗಿಯರಿಗೆ ಗೊತ್ತಿಲ್ಲ.

ಅವಳು ಹೋದ ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ನಮ್ಮೂರಿನ ಗಾಳಿ ಬರಿಗೈಯಲ್ಲಿ ಬರುವುದಿಲ್ಲ. ಫರಸಿ ಕಲ್ಲಿನ ಗಣಿಗಳ ಬಿಳಿ ಪುಡಿಯನ್ನು ಹೊತ್ತು ತಂದು ಮನೆಮನೆಗೂ ಹಂಚುತ್ತದೆ. ಅದಕ್ಕೇ ಈ ಸೀಮೆಯ ಹೆಂಗಸರು ಎಲ್ಲದಕ್ಕೂ ಬಟ್ಟೆ ಹೊದಿಸುತ್ತಾರೆ. ಟಿವಿಗೆ, ಮಿಕ್ಸಿಗೆ, ಫ್ರಿಜ್ಜಿನ ಹಿಡಿಗೂ ಕವಚ. ನನ್ನ ಮನೆಯಲ್ಲಂತೂ ಕೇಳಬೇಡಿ. ಸಿಸ್ಟರ್ ಬೆನಿಟಾ ನೀಡಲ್‌ವರ್ಕ್ ಕಲಿಸಿದವರು. ಬೆತ್ತಲೆ ವಸ್ತು ಕಂಡರೆ ನನ್ನ ಬೆರಳುಗಳು ಕ್ರೋಷಾ ಸೂಜಿ ಹುಡುಕುತ್ತವೆ. ಆ ಪೆಟ್ಟಿಗೆಗೂ ನಾನು ಗುಟ್ಟಾಗಿ ಒಂದು ಕವರ್ ಹೆಣೆದಿಟ್ಟಿದ್ದೆ, ಗುಲಾಬಿ ಮತ್ತು ಕೆನೆ ಬಣ್ಣದ ಶೆಲ್ ಸ್ಟಿಚ್. ಕ್ರೋಷಾದ ತೂತುಗಳಲ್ಲಿ ಧೂಳು ಹೋದೀತೆಂದು ಒಳಗೆ ಅತ್ತೆಯವರ ಹಳೆಯ ಕೌದಿಯ ತುಂಡಿನ ಅಸ್ತರಿ ಕೊಟ್ಟಿದ್ದೆ. ಎಂಟು ಪದರದ ಕೌದಿ, ಮಾಘದ ಚಳಿಯೂ ಒಳಗೆ ಬರದಂಥದ್ದು. ಪೆಟ್ಟಿಗೆಯ ಮೇಲೆ ಬಿಳಿ ಪುಡಿ ಕೂರುತ್ತಿರುವುದನ್ನು ಕಂಡೆ. ಮೂರು ಗಂಟೆಗೆ ದೊಡ್ಡವರ ಮುಂದೆ ಹೋಗಬೇಕಾದದ್ದು, ಹೀಗೆ ಮೈಯೆಲ್ಲ ಧೂಳಾಗಿ? ಹೊದಿಸಿದೆ. ಅಂಚುಗಳನ್ನು ಕೆಳಗೆ ಒತ್ತಿದೆ. ಅದರ ಮಿಣಿಮಿಣಿ ದೀಪವೂ ಮುಚ್ಚಿತು. ಯಾರೋ ನನ್ನನ್ನು ನೋಡುವುದನ್ನು ನಿಲ್ಲಿಸಿದ ಹಾಗಾಗಿ, ಖರೇ ಹೇಳುತ್ತೇನೆ, ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಉಸಿರಾಡಿದೆ. ಇನ್ನು ಹೊದ್ದುಕೊಂಡವರಿಗೆ ಫ್ಯಾನ್ ಯಾಕೆ ಎಂದು ಅದನ್ನು ಮಂಚದ ಕಡೆ ತಿರುಗಿಸಿಕೊಂಡು ಅಡ್ಡಾದೆ.

ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ಬಂದಾಗಿನಿಂದ ಗುಂಯ್ ಎನ್ನುತ್ತಿದ್ದ ಪೆಟ್ಟಿಗೆ ಸುಮ್ಮನಾಗಿತ್ತು. ಓಡಿಹೋಗಿ ಕವರ್ ತೆಗೆದು ಮುಟ್ಟಿದರೆ, ರೊಟ್ಟಿ ತೆಗೆದ ಹಂಚು! ದೀಪವಿಲ್ಲ, ಉಸಿರಿಲ್ಲ. ಗಡಿಯಾರದಲ್ಲಿ ಎರಡು ದಾಟಿ ಎಷ್ಟೋ ಹೊತ್ತಾಗಿತ್ತು. ನನ್ನ ಕೈಕಾಲು ತಣ್ಣಗಾದವು. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ತಣ್ಣಗಿದ್ದದ್ದು ಅವು ಮಾತ್ರ. ಅದು ಡಬ್ಬಿಯಿಂದ ಹೊರಬಂದು ನನ್ನನ್ನು ಏನು ಮಾಡೀತೋ ಎಂದು ಇಷ್ಟು ದಿನ ಹೆದರಿದ್ದೆ. ಈಗ ಅದು ಒಳಗೇ ಉಸಿರುಕಟ್ಟಿ ಹೋಯಿತೇ ಎಂದು ಹೆದರಿದೆ. ಈ ಹೆದರಿಕೆ ಹಳೆಯದಕ್ಕಿಂತ ಭಾರವಾಗಿತ್ತು, ಯಾಕೆಂದರೆ ಇದರಲ್ಲಿ ಸುಜಾತಾಳ ಮುಖವಿತ್ತು. ಅವಳು ಸೇಡಂನಲ್ಲಿ ಪರದೆಯ ಮುಂದೆ ನಿಂತಿದ್ದಾಳೆ, ಏನೂ ಬರುತ್ತಿಲ್ಲ, ಕಮಿಟಿಯವರಲ್ಲಿ ಯಾರೋ ಒಬ್ಬರು ಸಣ್ಣಗೆ ಕೆಮ್ಮುತ್ತಾರೆ. ಆ ಕೆಮ್ಮು ನನಗೆ ವಾಡಿಯಲ್ಲೇ ಕೇಳಿಸಿತು.

ಫೋನ್ ಮಾಡಿದೆ. ಸ್ವಿಚ್ ಆಫ್. ಹೊರಗೆ ಬಂದು ಪಕ್ಕದ ಮನೆಯ ಗಂಗಮ್ಮನನ್ನು ಕೂಗಿದೆ. ಕಾಗಿಣಾ ನದಿಯ ದಂಡೆಯ ಊರಿನವಳು, ಯಾವುದಕ್ಕೂ ಹೆದರುವವಳಲ್ಲ. ಬಂದವಳೇ ಪೆಟ್ಟಿಗೆಯ ಬೆನ್ನ ಮೇಲೆ ಅಂಗೈ ಇಟ್ಟು, ಚಟ್ಟನೆ ತೆಗೆದಳು.

"ಯವ್ವಾ! ಇದಕ್ಕ ಬಿಸಲು ಬಡದದರಿ ಅವ್ವಾರ. ಮೈ ಹ್ಯಾಂಗ ಸುಡ್ಲಿಕತ್ತದ ನೋಡ್ರಿ."

"ಗಂಗಮ್ಮಾ, ಅದು ಮಶೀನು."

"ಮಶೀನಾದ್ರ ಏನಾತ್ರಿ? ಇಂಥಾ ಬಿಸಲಾಗ ಕೌದಿ ಹೊಚ್ಚಿದ್ರ ಎಮ್ಮಿ ಸುದ್ದಾ ನೆಲಕ್ಕ ಬೀಳ್ತದ. ಯಾರು ಹೊಚ್ಚಿದ್ರು?"

ನಾನು ಕಿಟಕಿಯ ಕಡೆ ನೋಡಿದೆ. ಅವಳು ಹೆಚ್ಚು ಕೇಳಲಿಲ್ಲ. ಫ್ಯಾನನ್ನು ಪೆಟ್ಟಿಗೆಗೆ ತಿರುಗಿಸಿ, ಅಡಿಗೆಮನೆಗೆ ಹೋಗಿ ಒಂದು ಉಳ್ಳಾಗಡ್ಡಿ ತಂದು ಅದರ ಮಗ್ಗುಲಲ್ಲಿ ಇಟ್ಟಳು. ನಮ್ಮ ಕಡೆ ಬಿಸಿಲಿಗೆ ಹೊರಡುವವರು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವುದುಂಟು, ಝಳ ಅದು ಎಳೆದುಕೊಳ್ಳುತ್ತದೆ ಎಂದು. ಇನ್ನೊಂದು ದಿನವಾಗಿದ್ದರೆ ‘ಸೂಪರ್‌ಸ್ಟಿಷನ್’ ಎಂದು ನಾನು ಮೂಗು ಮುರಿಯುತ್ತಿದ್ದೆ. ಅಂದು ಸುಮ್ಮನೆ ಅದನ್ನು ಸ್ವಲ್ಪ ಹತ್ತಿರಕ್ಕೆ ಸರಿಸಿದೆ.

"ಈಗ ಆ ಗುಂಡಿ ಒತ್ರಿ" ಎಂದಳು, ಪೆಟ್ಟಿಗೆ ಆರುವಷ್ಟು ಹೊತ್ತು ಕಾದು.

"ಏನೂ ಮಾಡಬ್ಯಾಡ ಅಂದಾಳ ಸುಜಾತಾ."

"ಮಾಡೋದು ಮಾಡೀರಲ್ಲರಿ, ಇನ್ನೊಂದು ಮಾಡ್ರಿ."

ಕರಡಿಗೆಯನ್ನು ಎಡ ಮುಷ್ಟಿಯಲ್ಲಿ ಹಿಡಿದು ಬಲ ಬೆರಳಿನಿಂದ ಒತ್ತಿದೆ. ಗುಂಯ್ ಎಂದಿತು! ದೀಪ ಬಂತು, ಪರದೆ ಬೆಳಗಿತು. ಆದರೆ ಬೆಳಗಿದ ಪರದೆ ಪಾಸ್‌ವರ್ಡ್ ಕೇಳುತ್ತ ನಿಂತುಬಿಟ್ಟಿತು. ನನಗೇನು ಗೊತ್ತು ಪಾಸ್‌ವರ್ಡ್? ನಮ್ಮವರ ಹೆಸರು ಹಾಕಿದೆ, ಮಗನ ಹೆಸರು ಹಾಕಿದೆ, ಕೊನೆಗೆ ನನ್ನ ಹೆಸರೂ ಹಾಕಿದೆ. ಸೊಸೆಯ ಪಾಸ್‌ವರ್ಡಿನಲ್ಲಿ ನನ್ನ ಹೆಸರಿದ್ದೀತೆಂದು ಆಸೆಪಟ್ಟ ಗಳಿಗೆ ಅದು. ಒಳಗೆ ಬಿಡಲಿಲ್ಲ. ಮೂರಾಯಿತು. ಬಾಗಿಲು ತೆರೆಯದ ಮನೆಯ ಮುಂದೆ ಕೂತ ಹಾಗೆ ನಾವಿಬ್ಬರೂ ಪರದೆಯ ಮುಂದೆ ಕೂತೆವು. ಸ್ವಲ್ಪ ಹೊತ್ತಿಗೆ ಗಂಗಮ್ಮ ಎದ್ದು, "ಅಳಬ್ಯಾಡ್ರಿ ಅವ್ವಾರ, ಬಿದ್ದದ್ದು ಎದ್ದದಲ್ಲ" ಎಂದು ಹೇಳಿ ಹೋದಳು. ನಾನು ಅಳುತ್ತಿದ್ದೆ ಎಂಬುದು ಅವಳು ಹೇಳಿದ ಮೇಲೆ ತಿಳಿಯಿತು.

ಸಂಜೆ ಪ್ಯಾಸೆಂಜರ್ ಗಾಡಿಯ ಸೀಟಿ ಕೇಳಿದಾಗ ಹಳೆಯ ರೂಢಿಯಂತೆ ನಾನು ಹಿತ್ತಲಲ್ಲಿದ್ದೆ. ಗೇಟಿನ ಸದ್ದಾಯಿತು. ಸುಜಾತಾ ಕಾಲು ತೊಳೆದಳು, ಒಂದು ಚೊಂಬು ನೀರು ಕುಡಿದಳು, ಒಂದೂ ಮಾತಾಡಲಿಲ್ಲ. ಅತ್ತೆಯವರು ಕೆಮ್ಮಾದರೂ ಕೆಮ್ಮುತ್ತಿದ್ದರು. ಕೊನೆಗೆ ನಾನೇ ಒಳಗೆ ಬಂದು, "ಹ್ಯಾಂಗಾತವ್ವಾ?" ಎಂದೆ.

"ಚಲೋ ಆತ್ರಿ ಅತ್ತೀ! ಲ್ಯಾಬ್ ನಿಮ್ಮ ಕಡೇನೇ ಇರ್ಲಿ ಅಂದ್ರು."

ಅವಳ ಕೈಯ ಚೊಂಬು ಇಸಿದುಕೊಂಡು ನಾನೂ ನೀರು ತುಂಬಿ ಕುಡಿದೆ.

"ಖರೇ ಒಂದು ಮಜಾ ಆತು. ಕರೆಂಟ್ ಹೋಗಿ ಮಶೀನ್ ಬಂದ್ ಆದ್ರ ಏನ್ ಮಾಡ್ತೀರಿ ಅಂತ ಒಬ್ರು ಕೇಳಿದ್ರು. ತಾನೇ ಏಳ್ತದರಿ, ಹಂಗ ಬರದಿಟ್ಟೀನಿ, ಪಾಸ್‌ವರ್ಡ್ ಸುದ್ದಾ ಬೇಕಾಗಂಗಿಲ್ಲ ಅಂದೆ. ತೋರಸರಿ ಅಂದ್ರು. ಅದರ ದಾಖಲೆ ತಗದು ನೋಡಿದ್ರ, ಅದು ಆಗಷ್ಟೇ ಎದ್ದಂಗ ತೋರಸ್ತು! ನೋಡ್ರಿ ಸರ್, ಈಗೇ ಬಿದ್ದು ಎದ್ದು ಕುಂತದ ಅಂದೆ. ಅವರು ಭಾಳ ಖುಷ್ ಆದ್ರು. ನನ್ನ ಎದಿ ಮಾತ್ರ ಧಸಕ್ ಅಂತು." ಅವಳು ನನ್ನ ಕಡೆ ತಿರುಗಿದಳು. "ಕರೆಂಟ್ ಹೋಗಿತ್ತೇನ್ರಿ?"

ಅಂದರೆ ಪರದೆ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದ್ದಾಗ, ಹಿಂದುಗಡೆ ಅದು ಆಗಲೇ ಕೆಲಸ ಶುರು ಮಾಡಿತ್ತು! ಮೂರಕ್ಕೆ ಅವಳು ಕರೆದಾಗ ಓಗೊಟ್ಟಿತ್ತು! ಒಂದು ಕ್ಷಣ ನನಗೆ, ನಾನು ಹೊದಿಸದಿದ್ದರೆ ಆ ಪ್ರಶ್ನೆಗೆ ಅಷ್ಟು ಒಳ್ಳೆಯ ಉತ್ತರ ಸಿಗುತ್ತಿತ್ತೇ ಎಂಬ ಹೆಮ್ಮೆಯೂ ಸುಳಿಯಿತು. ಆ ಹೆಮ್ಮೆಯಲ್ಲೇ, "ಹ್ಞೂಂ, ಕರೆಂಟ್... ಜರಾ ಹೋದಂಗಾಗಿತ್ತು" ಎಂದೆ. ಅವಳು ಗೂಡಿನ ಕಡೆ ನೋಡಿದಳು. ಕೌದಿಯನ್ನು ನಾನು ಟ್ರಂಕಿನಲ್ಲಿ ಬಚ್ಚಿಟ್ಟಿದ್ದೆ. ಉಳ್ಳಾಗಡ್ಡಿಯನ್ನು ಮರೆತಿದ್ದೆ, ಇನ್ವರ್ಟರನ್ನೂ.

ಉಳ್ಳಾಗಡ್ಡಿಯನ್ನು ಕೈಗೆತ್ತಿಕೊಂಡು ಅವಳು ತಿರುಗಿಸಿ ನೋಡಿದಳು. ಅದರ ಸಿಪ್ಪೆಗೆ ಅಂಟಿದ್ದ ಗುಲಾಬಿ ಬಣ್ಣದ ದಾರದ ಎಳೆಯೊಂದನ್ನು ಬಿಡಿಸಿದಳು. ಬೈಯುತ್ತಾಳೆ ಎಂದು ನಾನು ಡ್ರಿಲ್ಲಿನ ದಿನದ ಹಾಗೆ ಕಣ್ಣು ಮುಚ್ಚಿದೆ.

"ಇನ್ನೊಬ್ಬರು ಇನ್ನೊಂದು ಕೇಳಿದ್ರು ಅತ್ತೀ," ಎಂದಳು ಮೆಲ್ಲಗೆ. "ಇದಕ್ಕ ಕೈ ಕೊಟ್ಟೀರಿ, ನಾಳಿ ತನ್ನ ಮನಸ್ಸಿಗೆ ಬಂದಂಗ ಏನರ ಮಾಡಿದ್ರ ಹ್ಯಾಂಗ ಅಂತ. ನಾ ಅಂದೆ, ಇಲ್ರೀ ಸರ್, ಕೇಳಲಾರದ ಒಂದು ಕಡ್ಡಿ ಸುದ್ದಾ ಅಲ್ಲಾಡ್ಸಂಗಿಲ್ಲ. ನಮ್ಮ ಮನ್ಯಾಗ ಅದರಷ್ಟು ಶಿಸ್ತಿನವರು ಯಾರೂ ಇಲ್ರಿ ಅಂದೆ." ಆಮೇಲೆ ಉಳ್ಳಾಗಡ್ಡಿಯನ್ನು ನನ್ನ ಕೈಯಲ್ಲಿ ಇಟ್ಟು, "ಇದನ್ನ ರಾತ್ರಿ ಪಲ್ಯಾಕ ಹಾಕ್ರಿ" ಎಂದು ನಗುತ್ತ ಬಟ್ಟೆ ಬದಲಿಸಲು ಹೋದಳು.

ಆ ನಗುವಿಗಿಂತ ಸ್ಕೇಲಿನ ಏಟೇ ಮೇಲಿತ್ತು. ಪಲ್ಯೆಗೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತಾಗ, ಕಣ್ಣೀರಿಗೆ ಒಳ್ಳೆಯ ನೆಪ ಸಿಕ್ಕಿದ್ದರಿಂದ, ನೆಮ್ಮದಿಯಾಗಿ ಯೋಚಿಸಿದೆ. ಶಾಲೆಯಿಡೀ ಮೇ ಐ ಎಂದವಳು, ಸೊಸೆಯಾಗಿ ಅರ್ಧ ಆಯುಷ್ಯ ಅತ್ತೆಯವರನ್ನು ಕೇಳಿಯೇ ಉಪ್ಪು ಹಾಕಿದವಳು ನಾನು. ಯಾರನ್ನೂ ಏನನ್ನೂ ಕೇಳದೆ ಇರುವ ಸುಖ ಸಿಕ್ಕದ್ದು ಈಗೀಗ. ಆ ಸುಖ ಅಷ್ಟು ಬೇಗ ಚಟವಾದೀತೆಂದು ಮಾತ್ರ ತಿಳಿದಿರಲಿಲ್ಲ. ಇಷ್ಟು ದಿನ ನಾನು ಡಬ್ಬಿಯ ಒಳಗಿನದಕ್ಕೆ ಹೆದರುತ್ತಿದ್ದೆ. ಪಾಪ, ಅದು ಒಳಗೆ ಕೂತು ಹೊರಗಿರುವ ಬೆಳ್ಳಿ ಕೂದಲಿನದಕ್ಕೆ, ಕೈಯಲ್ಲಿ ಕ್ರೋಷಾ ಸೂಜಿ ಹಿಡಿದದ್ದಕ್ಕೆ ಎಷ್ಟು ಹೆದರುತ್ತಿತ್ತೋ. ಅದಕ್ಕೆ ಕಂಟೈನರ್ ಇದೆ, ನನಗಿಲ್ಲ.

ಮರುದಿನ ಮುಂಜಾನೆ ಪೆಟ್ಟಿಗೆಯ ಮೇಲೆ ಮತ್ತೆ ಬಿಳಿ ಪುಡಿ ಕೂತಿತ್ತು. ಒರೆಸುವ ಬಟ್ಟೆ ಹಿಡಿದು, ಎಷ್ಟೋ ವರ್ಷಗಳ ಮೇಲೆ ಕಾಲು ಜೋಡಿಸಿ ಬಾಗಿಲಲ್ಲಿ ನಿಂತು, "ಮೇ ಐ?" ಎಂದೆ.

ತಲೆ ಬಾಚುತ್ತಿದ್ದ ಸುಜಾತಾ ಕನ್ನಡಿಯಲ್ಲೇ ನನ್ನನ್ನು ನೋಡಿ, "ಅಲೋ ಒನ್ಸ್ ರಿ ಅತ್ತೀ. ಮ್ಯಾಲೆ ಮ್ಯಾಲೆ ಅಷ್ಟೇ" ಎಂದಳು.

ಹೇಳಿದಷ್ಟೇ ಮಾಡಿದೆ. ಮೇಲೆ ಮೇಲೆ ಒರೆಸಿದೆ, ಬೇರೆ ಯಾವುದಕ್ಕೂ ಕೈ ಹಚ್ಚಲಿಲ್ಲ. ಅವಳ ರೈಲು ಹೋಯಿತು. ಮನೆ ಸುಮ್ಮನಾಯಿತು. ಆಗ ಗೂಡಿನ ಮೂಲೆಯಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ವೈಫೈನ ಪುಟ್ಟ ಡಬ್ಬಿ, ಎರಡು ಕೋಡು, ಮಿಣಮಿಣ ಹಸಿರು ದೀಪ, ಮೈಮೇಲೆ ಒಂದು ತುಂಡು ಬಟ್ಟೆಯಿಲ್ಲ. ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಗುಲಾಬಿ ದಾರ ಇನ್ನೂ ಸ್ವಲ್ಪ ಉಳಿದಿತ್ತು.